ರೇಷನ್ ಬುಕ್ ಹರಿದು ಹಾಕಿದ ಬೀದಿ

(ಹಳೇ ಸಿನಿಮಾ ಸರಣಿ. ಈ ಸಲ ಲಂಡನ್ನಿನ ಈಲಿಂಗ್ ಸ್ಟುಡಿಯೋ ಕಾಮಿಡಿಗಳು. ಉದ್ದ ಇದೆ, ಟೀ ಇಟ್ಕೊಂಡು ಓದಿ.)

ಪೋಸ್ಟ್ 1

ಯುದ್ಧ ಗೆದ್ದ ದೇಶದಲ್ಲಿ ಬ್ರೆಡ್‌ಗೆ ರೇಷನ್ ಬಂದಿದ್ದು ಯಾವಾಗ ಗೊತ್ತಾ? ಯುದ್ಧ ಮುಗಿದ ಮೇಲೆ!

ಎರಡನೇ ಮಹಾಯುದ್ಧ ನಡೆಯೋವಾಗ ಬ್ರಿಟನ್ನಿನಲ್ಲಿ ಬ್ರೆಡ್ ಕೂಪನ್ ಇಲ್ಲದೇ ಸಿಗ್ತಿತ್ತು. ಬಾಂಬ್ ಬೀಳೋದೆಲ್ಲಾ ನಿಂತು, ಗೆದ್ದು ಕೂತ ಮೇಲೆ, 1946ರ ಜುಲೈನಲ್ಲಿ ಅದಕ್ಕೂ ರೇಷನ್ ಹಾಕಿದರು. ಎರಡು ವರ್ಷ ಹಾಗೇ ಇತ್ತು. ಬೆಣ್ಣೆ, ಸಕ್ಕರೆಗೆ 1940ರ ಜನವರಿಯಿಂದಲೇ ಇತ್ತು. ಕೊನೆಗೆ ಮಾಂಸದ ರೇಷನ್ ತೆಗೆದಿದ್ದು 1954ರ ಜುಲೈನಲ್ಲಿ. ಅಂದರೆ 14 ವರ್ಷ! ಅದರಲ್ಲಿ ಒಂಬತ್ತು ವರ್ಷ ಗೆದ್ದ ಮೇಲಿನದ್ದು.

ಯಾಕೆ ಹೀಗೆ? ದೇಶ ಸಾಲದಲ್ಲಿ ಮುಳುಗಿತ್ತು. ಅಮೆರಿಕದಿಂದ 375 ಕೋಟಿ ಡಾಲರ್ ಸಾಲ ತಗೊಂಡಿದ್ದರು. ಡಾಲರ್ ಬೇಕು ಅಂದ್ರೆ ಎಕ್ಸ್‌ಪೋರ್ಟ್ ಆಗಬೇಕು, ಎಕ್ಸ್‌ಪೋರ್ಟ್ ಆಗಬೇಕು ಅಂದ್ರೆ ಒಳ್ಳೇ ಮಾಲೆಲ್ಲಾ ಹೊರಗೆ ಹೋಗಬೇಕು, ಮನೆಯವರು ಕ್ಯೂ ನಿಲ್ಲಬೇಕು. 1949ರ ಏಪ್ರಿಲ್‌ನಲ್ಲಿ ಮಿಠಾಯಿ, ಚಾಕಲೇಟ್ ಮೇಲಿನ ರೇಷನ್ ತೆಗೆದು ನೋಡಿದರು. ಜನ ಎಷ್ಟು ಮುಗಿಬಿದ್ದರು ಅಂದ್ರೆ ಆಗಸ್ಟ್‌ನಲ್ಲಿ ವಾಪಸ್ ಹಾಕಬೇಕಾಯ್ತು. ಡಿಮಾಂಡ್, ಸಪ್ಲೈ ಚಾಪ್ಟರ್‌ಗೆ ಇದಕ್ಕಿಂತ ಒಳ್ಳೇ ಉದಾಹರಣೆ ನಮ್ಮ ಟೆಕ್ಸ್ಟ್‌ಬುಕ್ಕಲ್ಲಿ ಇಲ್ಲ ಕಣ್ರೋ.

ಈ ಕ್ಯೂನಲ್ಲಿ ನಿಂತು ಸುಸ್ತಾದ ಜನರಿಗಾಗಿ ಮಾಡಿದ ಸಿನಿಮಾಗಳು ಇವು. ‘ಬ್ರಿಟಿಷ್ ಹ್ಯೂಮರ್’ ಅಂತ ಬರೀ ಡೈಲಾಗ್ ಹೊಗಳೋರು ಈ ಹಸಿವನ್ನ ಬಿಟ್ಟೇಬಿಡ್ತಾರೆ. ನನಗಂತೂ ಅದು ಗೊತ್ತಾದ ಮೇಲೇ ನಗು ಜಾಸ್ತಿ ಬಂದಿದ್ದು.

ಪೋಸ್ಟ್ 2

ಪಶ್ಚಿಮ ಲಂಡನ್ನಿನ ಈಲಿಂಗ್ ಅನ್ನೋ ಕಡೆ ಒಂದು ಚಿಕ್ಕ ಸ್ಟುಡಿಯೋ. 1938ರಿಂದ ಅದರ ಮುಖ್ಯಸ್ಥರು ಮೈಕಲ್ ಬಾಲ್ಕನ್. 1949ರಲ್ಲಿ ಮೂರೇ ತಿಂಗಳ ಒಳಗೆ ಅಲ್ಲಿಂದ ಮೂರು ಕಾಮಿಡಿ ಬಂತು: ‘ಪಾಸ್‌ಪೋರ್ಟ್ ಟು ಪಿಮ್ಲಿಕೋ’, ‘ವಿಸ್ಕಿ ಗಲೋರ್’, ‘ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್’.

ಪಿಮ್ಲಿಕೋ ಶುರುವಾಗೋದೇ ಒಂದು ಶ್ರದ್ಧಾಂಜಲಿಯಿಂದ. ಯಾರಿಗೆ? ಬಟ್ಟೆ ಕೂಪನ್‌ಗೆ! ಆ ವರ್ಷ ಮಾರ್ಚ್‌ನಲ್ಲಷ್ಟೇ ಬಟ್ಟೆ ರೇಷನ್ ಹೋಗಿತ್ತು, ಅದಕ್ಕೆ ಹೂವಿನ ಹಾರ ಸಮೇತ ತಿಥಿ ಮಾಡಿದ್ದಾರೆ.

ಕತೆ ಹೀಗಿದೆ. ಪಿಮ್ಲಿಕೋ ಅನ್ನೋ ಏರಿಯಾದ ಒಂದು ಬೀದಿ. ಯುದ್ಧದಲ್ಲಿ ಸಿಡಿಯದೇ ಉಳಿದ ಬಾಂಬ್ ಒಂದು ದಿನ ಢಂ ಅನ್ನುತ್ತೆ. ಗುಂಡಿಯಲ್ಲಿ ನಿಧಿ, ಜೊತೆಗೆ 15ನೇ ಶತಮಾನದ ಒಂದು ರಾಜಪತ್ರ. ಅದರ ಪ್ರಕಾರ ಈ ಜಾಗ ಇಂಗ್ಲೆಂಡಿಗೇ ಸೇರಿಲ್ಲ, ಬರ್ಗಂಡಿಯ ಡ್ಯೂಕ್‌ಗೆ ಸೇರಿದ್ದು! ಅಂದ್ಮೇಲೆ ಇಲ್ಲಿ ಬ್ರಿಟಿಷ್ ಕಾನೂನು ನಡೆಯಲ್ಲ. ಸರಿ, ಪಬ್‌ನಲ್ಲಿ ಕೂತ ಜನ ಅಲ್ಲೇ ರೇಷನ್ ಬುಕ್ ಹರಿದು ಹಾಕ್ತಾರೆ. ಆ ಸೀನ್ ನೋಡುವಾಗ ಥಿಯೇಟರಲ್ಲಿ ಕೂತಿದ್ದವರ ಜೇಬಲ್ಲಿ ನಿಜವಾದ ರೇಷನ್ ಬುಕ್ ಇತ್ತು, ಅದನ್ನ ನೆನಪಿಟ್ಕೊಳ್ಳಿ.

ಆದರೆ ಕತೆ ಬರೆದ ಟಿ.ಇ.ಬಿ. ಕ್ಲಾರ್ಕ್ ಅಲ್ಲಿಗೇ ಬಿಡಲ್ಲ. ಕಾನೂನಿಲ್ಲದ ಬೀದಿಗೆ ಮಾರನೇ ದಿನವೇ ಕಾಳಸಂತೆಯವರು ನುಗ್ತಾರೆ. ಊರಿಡೀ ಸಂತೆ, ಗಲಾಟೆ. ಸರ್ಕಾರ ಮುಳ್ಳುತಂತಿ ಹಾಕಿ ಗಡಿ ಮುಚ್ಚುತ್ತೆ. ಇವರೂ ಬಿಡ್ತಾರಾ? ಸುರಂಗದ ರೈಲು ನಿಲ್ಲಿಸಿ ಪ್ಯಾಸೆಂಜರ್‌ಗಳ ಪಾಸ್‌ಪೋರ್ಟ್ ಚೆಕ್ ಮಾಡ್ತಾರೆ! ಆಮೇಲೆ ನೀರು ಕಟ್, ಊಟ ಖಾಲಿ. ಆಗ ಲಂಡನ್ನಿನ ಮಾಮೂಲಿ ಜನ ಬಂದು ತಂತಿ ಬೇಲಿ ಮೇಲಿಂದ ತಿನ್ನೋ ಸಾಮಾನು ಎಸೀತಾರೆ. ಪ್ಯಾರಾಶೂಟಲ್ಲಿ ಹಂದಿ ಕೂಡ ಇಳಿಯುತ್ತೆ. ಸಿನಿಮಾ ರಿಲೀಸ್ ಆದಾಗ ಬರ್ಲಿನ್ ನಗರಕ್ಕೆ ನಿಜವಾಗ್ಲೂ ದಿಗ್ಬಂಧನ ಹಾಕಿದ್ರು, ವಿಮಾನದಲ್ಲಿ ಊಟ ಹೋಗ್ತಿತ್ತು. ನಗೋವಾಗ ಜನರಿಗೆ ಅದೂ ನೆನಪಾಗಿರಬೇಕು.

ನಾವು ಇಂಗ್ಲಿಷರು, ಅದಕ್ಕೇ ಬರ್ಗಂಡಿಯವರಾಗೋ ಹಕ್ಕು ಬಿಟ್ಕೊಡಲ್ಲ ಅನ್ನೋ ಅರ್ಥದ ಒಂದು ಮಾತು ಬರುತ್ತೆ. ನನ್ನ ಫೇವರಿಟ್.

ಕೊನೆಗೆ ರಾಜಿ ಆಗುತ್ತೆ. ನಿಧಿ ಸರ್ಕಾರಕ್ಕೆ ಸಾಲ, ಜನರ ಕೈಗೆ ಹೊಸ ರೇಷನ್ ಬುಕ್, ಎಲ್ಲರಿಗೂ ಬೀದಿಯಲ್ಲೇ ಊಟ. ಅಲ್ಲೀವರೆಗೂ ಬಿಸಿಲು ಧಗಧಗ ಅಂತಿದ್ದ ಸಿನಿಮಾದಲ್ಲಿ ಆ ಕ್ಷಣಕ್ಕೇ ಮಳೆ ಶುರು. ರೇಷನ್ ಬುಕ್ ವಾಪಸ್ ಬಂತು ಅಂತ ಜನ ಖುಷಿಪಡೋ ಎಂಡಿಂಗ್! ಕೆಲವರು ಇದನ್ನ ಸರ್ಕಾರದ ಪರ ಅಂತಾರೆ, ಕೆಲವರು ವಿರುದ್ಧ ಅಂತಾರೆ. ನನಗೆ ಎರಡೂ ಅನ್ನಿಸುತ್ತೆ. ಕ್ಯೂ ಬೇಜಾರು ನಿಜ, ಆದ್ರೆ ಕ್ಯೂ ಇಲ್ಲದಿದ್ರೆ ದುಡ್ಡಿರೋನು ಮಾತ್ರ ತಿಂತಾನೆ. ನ್ಯಾಯಬೆಲೆ ಅಂಗಡಿ ಮುಂದೆ ನಿಂತ ಮನೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಪೋಸ್ಟ್ 3

‘ವಿಸ್ಕಿ ಗಲೋರ್’ ಬಗ್ಗೆ ಚಿಕ್ಕದಾಗಿ. 1941ರಲ್ಲಿ ‘ಪಾಲಿಟಿಶಿಯನ್’ ಅನ್ನೋ ಹಡಗು (ಹೆಸರು ನಿಜವಾಗ್ಲೂ ಅದೇ) ಸ್ಕಾಟ್ಲೆಂಡಿನ ಎರಿಸ್ಕೇ ದ್ವೀಪದ ಹತ್ತಿರ ಬಂಡೆಗೆ ಸಿಕ್ಕಿಕೊಳ್ತು. ಒಳಗೆ ಎರಡೂವರೆ ಲಕ್ಷಕ್ಕಿಂತ ಹೆಚ್ಚು ವಿಸ್ಕಿ ಬಾಟಲಿ. ದ್ವೀಪದವರು ದೋಣಿ ತಗೊಂಡು ಹೊರಟರು. ಸಿನಿಮಾದಲ್ಲಿ ಅವರು ಕಸ್ಟಮ್ಸ್‌ನವರಿಗೆ ಚಳ್ಳೆಹಣ್ಣು ತಿನ್ನಿಸ್ತಾರೆ. ನಿಜ ಜೀವನದಲ್ಲಿ ಕೆಲವರು ಜೈಲಿಗೆ ಹೋದರು, ಉಳಿದ ಬಾಟಲಿ ಯಾರಿಗೂ ಸಿಗಬಾರದು ಅಂತ ಹಡಗನ್ನೇ ಸ್ಫೋಟಿಸಿದರು. ಸಿನಿಮಾ ಮಜಾ, ಇತಿಹಾಸ ಅಷ್ಟು ಮಜಾ ಅಲ್ಲ.

ಪೋಸ್ಟ್ 4

ಇದು ಬಿಕಾಂನವರು ನೋಡಲೇಬೇಕಾದ್ದು. ‘ದ ಮ್ಯಾನ್ ಇನ್ ದ ವೈಟ್ ಸೂಟ್’, 1951. ನಿರ್ದೇಶಕ ವಿಸ್ಕಿಯವರೇ, ಅಲೆಕ್ಸಾಂಡರ್ ಮ್ಯಾಕೆಂಡ್ರಿಕ್. ಹೀರೋ ಅಲೆಕ್ ಗಿನ್ನೆಸ್. ಹೌದು, ‘ಸ್ಟಾರ್ ವಾರ್ಸ್’ನ ಓಬಿ ವಾನ್. ಇವರು ನಮ್ಮ ಕಡೆಗೂ ಬಂದಿದ್ದರು: 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ದ ಪ್ರೊಫೆಸರ್ ಗೋಡಬೋಲೆ ಇವರೇ. ಅದರ ಶೂಟಿಂಗ್ ಬೆಂಗಳೂರು, ರಾಮನಗರ ಸುತ್ತಮುತ್ತ ಆಗಿತ್ತು.

ಗಿನ್ನೆಸ್ ಇಲ್ಲಿ ಸಿಡ್ನಿ, ಬಟ್ಟೆ ಮಿಲ್‌ನ ಹುಚ್ಚು ವಿಜ್ಞಾನಿ. ಕೊಳೆ ಆಗದ, ಹರಿಯದ ಬಟ್ಟೆ ಕಂಡುಹಿಡೀತಾನೆ. ಒಂದು ಸೂಟ್ ತಗೊಂಡ್ರೆ ಸಾಯೋವರೆಗೂ ಸಾಕು. ಎಲ್ಲರೂ ಹೊಗಳ್ತಾರೆ ಅನ್ಕೊಂಡಿರ್ತಾನೆ ಪಾಪ. ಮಿಲ್ ಮಾಲೀಕರು ಗಾಬರಿ: ಬಟ್ಟೆ ಹರಿಯದಿದ್ರೆ ಮತ್ತೆ ಕೊಳ್ಳೋರು ಯಾರು? ಯೂನಿಯನ್‌ನವರೂ ಗಾಬರಿ: ನಮ್ಮ ಕೆಲಸದ ಗತಿ? ಜನ್ಮದಲ್ಲಿ ಒಂದು ಮಾತಿಗೆ ಒಪ್ಪದ ಮಾಲೀಕರು, ಕಾರ್ಮಿಕರು ಇಬ್ಬರೂ ಒಟ್ಟಿಗೆ ಅವನನ್ನ ಅಟ್ಟಿಸಿಕೊಂಡು ಹೋಗ್ತಾರೆ. ಸೂಟ್ ಕತ್ತಲಲ್ಲಿ ಹೊಳೆಯುತ್ತೆ, ಅಡಗೋಕೂ ಆಗಲ್ಲ.

ಓಡ್ತಾ ಓಡ್ತಾ ಅವನು ಬಾಡಿಗೆಗಿದ್ದ ಮನೆಯ ಅಜ್ಜಿ ಎದುರಾಗ್ತಾಳೆ. ನಾಲ್ಕು ಮನೆ ಬಟ್ಟೆ ಒಗೆದು ಬದುಕೋಳು. ಕೊಳೆಯೇ ಆಗದಿದ್ರೆ ನಾನು ಒಗೆಯೋದೇನು ಅಂತ ಕೇಳ್ತಾಳೆ. ಸಿಡ್ನಿ ಹತ್ತಿರ ಉತ್ತರ ಇಲ್ಲ. ಡೈರೆಕ್ಟರ್ ಕೂಡ ಉತ್ತರ ಕೊಡೋಕೆ ಹೋಗಲ್ಲ. ಅಕೌಂಟ್ಸ್ ಕೆಲಸವೆಲ್ಲಾ ಇನ್ನು ಐದು ವರ್ಷಕ್ಕೆ ಸಾಫ್ಟ್‌ವೇರೇ ಮಾಡುತ್ತಂತೆ ಅಂತ ನಮ್ಮ ಕ್ಲಾಸ್ ಗ್ರೂಪಲ್ಲಿ ವಾರಕ್ಕೊಂದು ಮೆಸೇಜ್ ಬರುತ್ತಲ್ಲ, ಆ ಅಜ್ಜಿ ಅದನ್ನೇ ಕೇಳಿದ್ದು. ನಾವು ಸಿಡ್ನಿ ಕಡೆಯೋ ಅಜ್ಜಿ ಕಡೆಯೋ? ನಾನಿನ್ನೂ ಡಿಸೈಡ್ ಮಾಡಿಲ್ಲ.

ಕೊನೆಗೆ ಜನ ಅವನನ್ನ ಹಿಡಿದು ಎಳೆದಾಗ ಬಟ್ಟೆ ಹತ್ತಿಯ ಥರ ಕೈಗೆ ಕಿತ್ತು ಬರುತ್ತೆ. ಪ್ರಯೋಗ ಫೇಲ್! ಎಲ್ಲರೂ ಬಿದ್ದು ಬಿದ್ದು ನಗ್ತಾರೆ, ಮಧ್ಯದಲ್ಲಿ ಪ್ಯಾಂಟ್ ಇಲ್ಲದೇ ಅವನೊಬ್ಬ. ಕಾಮಿಡಿ ಅಂತ ಹಾಕ್ಕೊಂಡು ಕೂತಿದ್ದೆ, ಆ ನಗು ಕೇಳೋಕೆ ಆಗಲಿಲ್ಲ.

ಪೋಸ್ಟ್ 5

ಅದೇ 1951ರ ‘ದ ಲ್ಯಾವೆಂಡರ್ ಹಿಲ್ ಮಾಬ್’ನಲ್ಲೂ ಗಿನ್ನೆಸ್. 20 ವರ್ಷ ನಿಯತ್ತಾಗಿ ಬ್ಯಾಂಕಿನ ಚಿನ್ನ ಸಾಗಿಸಿದ ಗುಮಾಸ್ತ, ಒಂದಿನ ಅದನ್ನೇ ಕದ್ದು ಐಫೆಲ್ ಟವರ್ ಗೊಂಬೆಗಳಾಗಿ ಎರಕ ಹೊಯ್ಯಿಸ್ತಾನೆ. ಕ್ಲಾರ್ಕ್‌ಗೆ ಇದಕ್ಕೆ ಆಸ್ಕರ್ ಬಂತು. ಒಂದು ಸೀನಲ್ಲಿ ಆಡ್ರಿ ಹೆಪ್‌ಬರ್ನ್ ಬಂದು ಹೋಗ್ತಾಳೆ, ಕಣ್ಣು ಮಿಟುಕಿಸಿದ್ರೆ ಮಿಸ್ಸು.

ರೇಷನ್ ಮುಗಿದ ಮರುವರ್ಷ, 1955ರಲ್ಲಿ, ಬಾಲ್ಕನ್‌ರ ಸ್ಟುಡಿಯೋ ಜಾಗ ಬಿಬಿಸಿಗೆ ಮಾರಾಟ ಆಯ್ತು. ಟಿವಿ ಕಾಲ ಬಂದಾಗಿತ್ತು. ಆ ವರ್ಷ ಬಂದ ‘ದ ಲೇಡಿಕಿಲ್ಲರ್ಸ್’ ಈ ಸಾಲಿನ ಕೊನೇ ದೊಡ್ಡ ಸಿನಿಮಾ. ಐದು ಜನ ಕಳ್ಳರು ಒಬ್ಬ ಅಜ್ಜಿ ಮನೆಯಲ್ಲಿ ಬಾಡಿಗೆಗೆ ಸೇರ್ತಾರೆ, ಸಂಗೀತಗಾರರು ಅಂತ ಸುಳ್ಳು ಹೇಳಿ. ಕೊನೆಗೆ ಕಳ್ಳರು ಒಬ್ಬರೂ ಉಳಿಯಲ್ಲ. ಅಜ್ಜಿ ಸ್ಟೇಷನ್‌ಗೆ ಹೋಗಿ ದುಡ್ಡು ನನ್ನ ಹತ್ತಿರ ಇದೆ ಅಂದ್ರೆ ಪೊಲೀಸರು ನಂಬಲ್ಲ, ನೀವೇ ಇಟ್ಕೊಳ್ಳಿ ಅಂತಾರೆ. ಅಜ್ಜಿ ಮನೆ ಕಡೆ ನಡೀತಾಳೆ.

ಕೊನೇ ಫೋಟೋದಲ್ಲಿ ಇರೋದು ಅವರೇ, ಕೇಟೀ ಜಾನ್ಸನ್. ಎಪ್ಪತ್ತು ದಾಟಿದ ಮೇಲೆ ಈ ಪಾತ್ರಕ್ಕೆ ಬ್ರಿಟಿಷ್ ಅಕಾಡೆಮಿಯ ಅತ್ಯುತ್ತಮ ನಟಿ ಪ್ರಶಸ್ತಿ ತಗೊಂಡ್ರು. ಮೊದಲು ಯಾವುದು ನೋಡ್ಲಿ ಅಂತ ಕೇಳೋರಿಗೆ: ವೈಟ್ ಸೂಟ್. ಇಂಟರ್ನಲ್ಸ್ ಮುಗಿದ ಮೇಲೆ ನೋಡಿ, ಮುಂಚೆ ಬೇಡ.

#ಹಳೇಸಿನಿಮಾ #ಈಲಿಂಗ್ #ಬಿಕಾಂಹುಡುಗರು