ಹಸಿರು ಕಟ್ಟಡ: ನಿಯಮ ಯಾವುದು, ಪ್ರಮಾಣಪತ್ರ ಯಾವುದು?

ಹೊಸ ವಸತಿ ಸಮುಚ್ಚಯ ಇಲ್ಲವೇ ಕಚೇರಿ ಸಂಕೀರ್ಣದ ಜಾಹೀರಾತಿನಲ್ಲಿ ‘ಗೋಲ್ಡ್’, ‘ಪ್ಲಾಟಿನಂ’, ‘ಪಂಚತಾರಾ ಹಸಿರು ಕಟ್ಟಡ’ ಎಂಬ ವಿಶೇಷಣಗಳು ಇಂದು ಸಾಮಾನ್ಯವಾಗಿವೆ. ನಿರ್ಮಾಣದ ಹಂತದಲ್ಲಿಯೂ ನಂತರದ ಬಳಕೆಯಲ್ಲಿಯೂ ಕಡಿಮೆ ವಿದ್ಯುತ್, ಕಡಿಮೆ ನೀರು, ಕಡಿಮೆ ಹೊಸ ಸಾಮಗ್ರಿ ಬೇಡುವ, ಒಳಗಿರುವವರ ಆರೋಗ್ಯಕ್ಕೆ ಹಿತವಾದ ಕಟ್ಟಡವನ್ನು ಹಸಿರು ಕಟ್ಟಡ ಎನ್ನಲಾಗುತ್ತದೆ. ಆದರೆ ಈ ಒಂದೇ ಹೆಸರಿನಡಿ ಎರಡು ಬೇರೆ ಸಂಗತಿಗಳು ಬೆರೆತುಹೋಗಿವೆ. ಒಂದು, ಕಾನೂನು ವಿಧಿಸುವ ಕನಿಷ್ಠ ಮಾನದಂಡ. ಇನ್ನೊಂದು, ನಿರ್ಮಾಣ ಸಂಸ್ಥೆ ಸ್ವಇಚ್ಛೆಯಿಂದ ಶುಲ್ಕ ತೆತ್ತು ಪಡೆಯುವ ಪ್ರಮಾಣಪತ್ರ. ಕಟ್ಟಡ ಒಮ್ಮೆ ನಿಂತರೆ ಹಲವು ದಶಕ ಬಾಳುತ್ತದೆ. ಅದರ ದಿಕ್ಕು, ಗೋಡೆ, ಕಿಟಕಿಗಳನ್ನು ಆಮೇಲೆ ತಿದ್ದುವುದು ಸುಲಭವಲ್ಲ. ವಿನ್ಯಾಸದ ತಪ್ಪಿಗೆ ತಿಂಗಳು ತಿಂಗಳೂ ಬೆಲೆ ತೆರುವವರು ಕಟ್ಟಿದವರಲ್ಲ, ಕೊಂಡವರು.

ಕಾನೂನು ಹೇಳುವುದು

ದೇಶದಲ್ಲಿ ಇದಕ್ಕೆ ಆಧಾರ 2001ರ ಇಂಧನ ಸಂರಕ್ಷಣಾ ಕಾಯ್ದೆ. ಅದರ ಅನ್ವಯ 2002ರ ಮಾರ್ಚ್‌ನಲ್ಲಿ ಇಂಧನ ದಕ್ಷತಾ ಬ್ಯೂರೋ (ಬಿಇಇ) ಅಸ್ತಿತ್ವಕ್ಕೆ ಬಂತು. 2007ರಲ್ಲಿ ವಾಣಿಜ್ಯ ಕಟ್ಟಡಗಳಿಗಾಗಿ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಪ್ರಕಟವಾಯಿತು. 100 ಕಿಲೋವಾಟ್ ಅಥವಾ ಅದಕ್ಕಿಂತ ಹೆಚ್ಚಿನ ವಿದ್ಯುತ್ ಸಂಪರ್ಕವುಳ್ಳ ಕಟ್ಟಡಗಳು ಮುಂದೆ ಇದರ ವ್ಯಾಪ್ತಿಗೆ ಸೇರಿದವು. ಹೊರಗೋಡೆ, ಛಾವಣಿ ಮತ್ತು ಗಾಜು ಎಷ್ಟು ಶಾಖವನ್ನು ಒಳಬಿಡಬಹುದು, ದೀಪ ಹಾಗೂ ಹವಾನಿಯಂತ್ರಣ ಎಷ್ಟು ದಕ್ಷವಾಗಿರಬೇಕು ಎಂಬುದನ್ನು ಸಂಹಿತೆ ಅಂಕಿಗಳಲ್ಲಿಯೇ ಹೇಳುತ್ತದೆ. 2017ರ ಪರಿಷ್ಕರಣೆ ಮೂರು ಮೆಟ್ಟಿಲುಗಳನ್ನು ನಿಗದಿಪಡಿಸಿತು. ಸಾಮಾನ್ಯ ಕಟ್ಟಡಕ್ಕೆ ಹೋಲಿಸಿದರೆ ಮೊದಲನೆಯದರಲ್ಲಿ ಶೇ 25, ಎರಡನೆಯದರಲ್ಲಿ ಶೇ 35, ಮೂರನೆಯದರಲ್ಲಿ ಶೇ 50ರಷ್ಟು ಇಂಧನ ಉಳಿಯಬೇಕು.

ವಾಸದ ಮನೆಗಳ ಸರದಿ ಬಂದದ್ದು 2018ರಲ್ಲಿ, ‘ಇಕೋ ನಿವಾಸ್ ಸಂಹಿತೆ’ಯ ಮೂಲಕ. ಗೋಡೆ, ಕಿಟಕಿಗಳ ಮೂಲಕ ಒಳನುಸುಳುವ ಶಾಖ ಹೊರಕವಚದ ಪ್ರತಿ ಚದರ ಮೀಟರಿಗೆ 15 ವಾಟ್ ಮೀರಬಾರದು ಎಂಬುದು ಅದರ ಮುಖ್ಯ ಸೂತ್ರ. 2022ರ ತಿದ್ದುಪಡಿ ಕಾಯ್ದೆ ದೊಡ್ಡ ವಸತಿ ಕಟ್ಟಡಗಳನ್ನೂ ಕಾನೂನಿನ ವ್ಯಾಪ್ತಿಗೆ ತಂದಿತು. ಇಷ್ಟಾದರೂ ಸಂಹಿತೆಯನ್ನು ಸ್ಥಳೀಯ ಹವಾಮಾನಕ್ಕೆ ಹೊಂದಿಸಿ ಅಧಿಸೂಚಿಸಬೇಕಾದದ್ದು ರಾಜ್ಯ ಸರ್ಕಾರ. ನಕ್ಷೆ ಮಂಜೂರು ಮಾಡುವಾಗ ಪರಿಶೀಲಿಸಬೇಕಾದದ್ದು ನಗರಸಭೆ, ಪಾಲಿಕೆ. ಶಾಖದ ಲೆಕ್ಕ ಬಲ್ಲ ಎಂಜಿನಿಯರುಗಳಿಲ್ಲದ ಕಚೇರಿಯಲ್ಲಿ ಸಂಹಿತೆ ಕಡತದಲ್ಲಿಯೇ ಉಳಿಯುತ್ತದೆ. ಇದಲ್ಲದೆ 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿರ್ಮಾಣಗಳಿಗೆ 2006ರ ಅಧಿಸೂಚನೆಯಂತೆ ಪೂರ್ವಭಾವಿ ಪರಿಸರ ಅನುಮತಿಯೂ ಅಗತ್ಯ.

ಪ್ರಮಾಣಪತ್ರದ ಕಥೆ

ಕಟ್ಟಡಕ್ಕೆ ಅಂಕ ಕೊಡುವ ಪದ್ಧತಿ ಬ್ರಿಟನ್ನಿನದು. ಅಲ್ಲಿ 1990ರಲ್ಲಿ ‘ಬ್ರೀಮ್’ ಆರಂಭವಾಯಿತು. ಅಮೆರಿಕದ ಹಸಿರು ಕಟ್ಟಡ ಮಂಡಳಿ 1993ರಲ್ಲಿ ಹುಟ್ಟಿ, ಆ ದಶಕದ ಕೊನೆಗೆ ‘ಲೀಡ್’ ಪದ್ಧತಿಯನ್ನು ತಂದಿತು. ಭಾರತೀಯ ಕೈಗಾರಿಕಾ ಒಕ್ಕೂಟದ (ಸಿಐಐ) ಅಂಗವಾಗಿ 2001ರಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿ (ಐಜಿಬಿಸಿ) ರಚನೆಗೊಂಡಿತು. ಹೈದರಾಬಾದಿನ ಸೊಹ್ರಾಬ್ಜಿ ಗೋದ್ರೆಜ್ ಹಸಿರು ವ್ಯವಹಾರ ಕೇಂದ್ರದ ಕಟ್ಟಡ 2003ರಲ್ಲಿ ಲೀಡ್ ಪ್ಲಾಟಿನಂ ಪಡೆದು, ಅಮೆರಿಕದ ಹೊರಗೆ ಆ ಮನ್ನಣೆ ಗಳಿಸಿದ ಮೊದಲ ಕಟ್ಟಡವೆನಿಸಿತು. ಅದನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ 2004ರ ಜುಲೈನಲ್ಲಿ ಉದ್ಘಾಟಿಸಿದರು. ವಿದೇಶಿ ಮಾಪನ ಹವಾನಿಯಂತ್ರಿತ ಗಾಜಿನ ಕಟ್ಟಡಗಳತ್ತ ವಾಲಿದೆ, ಭಾರತದ ಬಿಸಿಲು ಗಾಳಿಗೆ ಒಗ್ಗುವ ಕಟ್ಟಡಗಳಿಗೆ ಸಲ್ಲಬೇಕಾದ ಅಂಕ ಸಲ್ಲುತ್ತಿಲ್ಲ ಎಂಬ ಆಕ್ಷೇಪ ಮೊದಲಿನಿಂದಲೂ ಇತ್ತು. ‘ಟೆರಿ’ ಸಂಸ್ಥೆ ರೂಪಿಸಿದ ‘ಗೃಹ’ ಪದ್ಧತಿಯನ್ನು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2007ರಲ್ಲಿ ರಾಷ್ಟ್ರೀಯ ಮಾಪನವಾಗಿ ಅಂಗೀಕರಿಸಿತು. ಅದು ಒಂದರಿಂದ ಐದು ನಕ್ಷತ್ರಗಳನ್ನು ಕೊಡುತ್ತದೆ.

ಅಂಕಗಳ ಬಗೆ ಸರಳ. 2009ರಲ್ಲಿ ಬಂದ ಲೀಡ್ ಆವೃತ್ತಿಯ ಒಟ್ಟು ಅಂಕ 110; 40 ಬಂದರೆ ಪ್ರಮಾಣಪತ್ರ, 50ಕ್ಕೆ ಸಿಲ್ವರ್, 60ಕ್ಕೆ ಗೋಲ್ಡ್, 80ಕ್ಕೆ ಪ್ಲಾಟಿನಂ. ಕೆಲವು ಷರತ್ತುಗಳು ಕಡ್ಡಾಯ, ಉಳಿದವನ್ನು ಆಯ್ದುಕೊಳ್ಳಬಹುದು. ತೊಡಕಿರುವುದು ಇಲ್ಲಿಯೇ. ಸೈಕಲ್ ನಿಲುಗಡೆಗೆ ಜಾಗ ಬಿಟ್ಟು ಗಳಿಸಿದ ಅಂಕವೂ ವಿದ್ಯುತ್ ಉಳಿಸಿ ಗಳಿಸಿದ ಅಂಕವೂ ಮೊತ್ತದಲ್ಲಿ ಒಂದೇ ತೂಕದವು. ಇಬ್ಬರು ಗೋಲ್ಡ್ ಪಡೆದರೆಂದ ಮಾತ್ರಕ್ಕೆ ಇಬ್ಬರ ಕರೆಂಟ್ ಬಿಲ್ಲೂ ಸಮನಾಗಿ ಇಳಿಯಿತೆಂದಲ್ಲ.

ಲೆಕ್ಕ ಮತ್ತು ಅಳತೆ

ಹೊಸ ಕಟ್ಟಡಕ್ಕೆ ಪ್ರಮಾಣಪತ್ರ ಕೊಡುವಾಗ ಮುಖ್ಯವಾಗಿ ನೋಡುವುದು ವಿನ್ಯಾಸವನ್ನು ಮತ್ತು ಕಂಪ್ಯೂಟರ್ ಕಟ್ಟಿಕೊಡುವ ಅಂದಾಜನ್ನು. ಎಷ್ಟು ಗಂಟೆ ದೀಪ ಉರಿಯುತ್ತದೆ, ಹವಾನಿಯಂತ್ರಣವನ್ನು ಎಷ್ಟು ಡಿಗ್ರಿಗೆ ಇಡುತ್ತಾರೆ, ಎಷ್ಟು ಜನ ಒಳಗಿರುತ್ತಾರೆ ಎಂಬ ಊಹೆಗಳ ಮೇಲೆ ಅದು ನಿಂತಿದೆ. ಜನ ವಾಸಕ್ಕೆ ಬಂದ ಮೇಲೆ ಊಹೆ ಬದಲಾಗುತ್ತದೆ. ಅಮೆರಿಕದಲ್ಲಿ 121 ಲೀಡ್ ಕಟ್ಟಡಗಳ ನಿಜವಾದ ಬಳಕೆಯನ್ನು ಪರಿಶೀಲಿಸಿದ 2008ರ ಅಧ್ಯಯನದಲ್ಲಿ ಸರಾಸರಿ ಉಳಿತಾಯ ಕಂಡರೂ ಒಂದೊಂದು ಕಟ್ಟಡದ ಫಲಿತಾಂಶ ಅಂದಾಜಿನಿಂದ ಬಹಳ ದೂರ ಸರಿದಿತ್ತು. ಸರಾಸರಿಯ ಉಳಿತಾಯವನ್ನೂ ಇತರ ಸಂಶೋಧಕರು ಮುಂದೆ ಪ್ರಶ್ನಿಸಿದರು.

ಅಳೆದು ತೋರಿಸಿದ ಉದಾಹರಣೆಗಳೂ ಇವೆ. ಬೆಂಗಳೂರು ಮೂಲದ ಇನ್ಫೋಸಿಸ್ ಸಂಸ್ಥೆ ಹೈದರಾಬಾದ್ ಬಳಿಯ ಪೋಚಾರಂನಲ್ಲಿ ಒಂದೇ ಕಟ್ಟಡವನ್ನು ಎರಡು ಸಮಪಾಲಾಗಿ ಕಟ್ಟಿ 2011ರಲ್ಲಿ ಬಳಕೆಗೆ ತಂದಿತು. ಒಂದು ಪಾಲಿನಲ್ಲಿ ದಕ್ಷವಾದ, ಆದರೆ ಎಂದಿನ ರೀತಿಯ ಹವಾನಿಯಂತ್ರಣ. ಇನ್ನೊಂದರಲ್ಲಿ ಕಾಂಕ್ರೀಟಿನೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸಿ ಕೋಣೆಯನ್ನು ತಂಪಾಗಿಸುವ ವ್ಯವಸ್ಥೆ. ಪ್ರತ್ಯೇಕ ಮೀಟರುಗಳಿಂದ ಅಳೆದಾಗ ಎರಡನೆಯ ಪಾಲಿನ ತಂಪು ವ್ಯವಸ್ಥೆ ಸುಮಾರು ಶೇ 34ರಷ್ಟು ಕಡಿಮೆ ವಿದ್ಯುತ್ ಬಳಸಿತ್ತು. ಯಾವ ಫಲಕಕ್ಕಿಂತಲೂ ಈ ಬಗೆಯ ಅಂಕಿ ನಂಬಲರ್ಹ. ಇಂಥ ಅಂಕಿಗಳು ಸಾರ್ವಜನಿಕರ ಕೈಗೆ ಸಿಗುವುದು ಮಾತ್ರ ಅಪರೂಪ. ಕೆಲವು ರಾಜ್ಯಗಳಲ್ಲಿ ಹಸಿರು ಪ್ರಮಾಣಪತ್ರ ತೋರಿಸಿದವರಿಗೆ ಹೆಚ್ಚುವರಿ ನೆಲವಿಸ್ತೀರ್ಣ ಕಟ್ಟಿಕೊಳ್ಳುವ ರಿಯಾಯಿತಿ ಇದೆ. ಸಾರ್ವಜನಿಕ ಲಾಭ ಪಡೆದವರು ಬಳಕೆಯ ಲೆಕ್ಕವನ್ನೂ ಪ್ರಕಟಿಸಬೇಕೆಂಬ ಬೇಡಿಕೆ ನ್ಯಾಯವಾದದ್ದು.

ದೊಮ್ಮಲೂರಿನ ಮೋರಿ

ಪ್ರಮಾಣಪತ್ರಗಳ ಭರಾಟೆಗೂ ಮುನ್ನ ರೂಪುಗೊಂಡ ಒಂದು ಕಟ್ಟಡ ಬೆಂಗಳೂರಿನ ದೊಮ್ಮಲೂರಿನಲ್ಲಿದೆ. ಟೆರಿಯ ಈ ಪ್ರಾದೇಶಿಕ ಕೇಂದ್ರವನ್ನು ವಿನ್ಯಾಸಗೊಳಿಸಿದವರು ವಾಸ್ತುಶಿಲ್ಪಿ ಸಂಜಯ್ ಮೋಹೆ. ನಿವೇಶನದ ದಕ್ಷಿಣಕ್ಕೆ ತೆರೆದ ಮೋರಿ. ಗಾಳಿ ಬೀಸುವುದೂ ಆ ಕಡೆಯಿಂದಲೇ, ದುರ್ವಾಸನೆ ಹೊತ್ತು. ಆದ್ದರಿಂದ ಕಟ್ಟಡ ಮೋರಿಗೆ ಬೆನ್ನು ತಿರುಗಿಸಿ ಉತ್ತರಕ್ಕೆ ತೆರೆದುಕೊಂಡಿತು. ದಕ್ಷಿಣಕ್ಕೆ ನಡುವೆ ಪೊಳ್ಳು ಬಿಟ್ಟ ಜೋಡಿ ಗೋಡೆ, ಹೊರಮೈಗೆ ಕಪ್ಪು ಕಡಪ ಕಲ್ಲು. ಬಿಸಿಲಿಗೆ ಕಲ್ಲು ಕಾದಂತೆ ಪೊಳ್ಳಿನೊಳಗಿನ ಗಾಳಿ ಹಗುರಾಗಿ ಮೇಲೇರುತ್ತದೆ. ಆ ಸೆಳೆತಕ್ಕೆ ಉತ್ತರದ ತಾಜಾ ಗಾಳಿ ಕೋಣೆಗಳ ಮೂಲಕ ಹರಿದುಬರುತ್ತದೆ. ಫ್ಯಾನಿಲ್ಲದೆ, ಮೋಟಾರಿಲ್ಲದೆ ನಡೆಯುವ ಕೆಲಸವಿದು. ಸಂಹಿತೆಯ ಪ್ರಕಾರ ಬೆಂಗಳೂರು ಸಮಶೀತೋಷ್ಣ ವಲಯದ ಊರು. ಅಲ್ಲಿ ಪಶ್ಚಿಮಕ್ಕೆ ಗಾಜಿನ ಗೋಡೆ ನಿಲ್ಲಿಸಿ, ಒಳಬಂದ ಶಾಖವನ್ನು ವಿದ್ಯುತ್ ಸುಟ್ಟು ಹೊರಹಾಕಿ, ಬಳಿಕ ದಕ್ಷ ಯಂತ್ರಕ್ಕೆಂದು ಅಂಕ ಪಡೆಯುವುದು ವಿಚಿತ್ರವೇ ಸರಿ.

ಹಳೆಯ ತೊಟ್ಟಿ ಮನೆಯ ಅಂಗಳ, ಕರಾವಳಿಯ ಹೆಂಚಿನ ಮಾಡು, ಕಿಟಕಿಯ ಮೇಲಿನ ಅಗಲ ಸಜ್ಜಾ ಮಾಡುತ್ತಿದ್ದುದೂ ಇದೇ ಕೆಲಸವನ್ನು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಘಟಕ, ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದಿತು. ಸುಡುವ ಅಗತ್ಯವಿಲ್ಲವಾದ್ದರಿಂದ ಗೂಡಿನ ಸೌದೆ, ಕಲ್ಲಿದ್ದಲು ಅಷ್ಟರಮಟ್ಟಿಗೆ ಉಳಿಯುತ್ತದೆ.

ನೀರಿನ ಪ್ರಶ್ನೆ

ಬೆಂಗಳೂರಿನ ಮಟ್ಟಿಗೆ ವಿದ್ಯುತ್ತಿಗಿಂತ ನೀರೇ ದೊಡ್ಡ ಪರೀಕ್ಷೆ. ಜಲಮಂಡಳಿ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿ 30x40 ಅಡಿ ಮತ್ತು ಮೇಲ್ಪಟ್ಟ ನಿವೇಶನದ ಹೊಸ ಮನೆಗಳಿಗೂ, 60x40 ಅಡಿ ಮತ್ತು ಮೇಲ್ಪಟ್ಟ ನಿವೇಶನದ ಹಳೆಯ ಕಟ್ಟಡಗಳಿಗೂ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿತು. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ದೊಡ್ಡ ಸಮುಚ್ಚಯಗಳೂ ಟ್ಯಾಂಕರಿಗಾಗಿ ಕಾದವು. ತಾರಸಿಯಿಂದ ಕೊಳವೆ ಇಳಿಸುವುದು ಸುಲಭ. ಮಳೆಗಾಲಕ್ಕೆ ಮುನ್ನ ಶೋಧಕವನ್ನು ತೊಳೆಯುವುದು, ಇಂಗುಗುಂಡಿಯ ಹೂಳೆತ್ತುವುದು, ಕೊಳಚೆ ನೀರು ಶುದ್ಧೀಕರಣ ಘಟಕವನ್ನು ನಿಲ್ಲಿಸದೆ ನಡೆಸುವುದು ವರ್ಷವರ್ಷದ ಖರ್ಚು. ಬಿಲ್ಡರ್ ಕೈತೊಳೆದುಕೊಂಡ ಮೇಲೆ ಅದು ನಿವಾಸಿಗಳ ಸಂಘದ ಹೆಗಲೇರುತ್ತದೆ.

ಕೊಳ್ಳುವ ಮುನ್ನ

ಜಾಹೀರಾತಿನಲ್ಲಿ ಕಾಣುವುದು ಅನೇಕ ವೇಳೆ ‘ಪೂರ್ವ ಪ್ರಮಾಣೀಕರಣ’, ಅಂದರೆ ನಕ್ಷೆ ನೋಡಿ ಕೊಟ್ಟ ತಾತ್ಕಾಲಿಕ ಮನ್ನಣೆ. ಅಂತಿಮ ಪತ್ರ ಕಟ್ಟಡ ಮುಗಿದ ಬಳಿಕ ಸಿಗಬಹುದು, ಸಿಗದೆಯೂ ಇರಬಹುದು. ಹೀಗಾಗಿ ಪತ್ರದ ಹಂತ, ವರ್ಷ ಮತ್ತು ಆವೃತ್ತಿಯನ್ನು ವಿಚಾರಿಸುವುದು ಅಗತ್ಯ. ಇಂಧನ ಮತ್ತು ನೀರಿನ ವಿಭಾಗಗಳಲ್ಲಿ ಎಷ್ಟು ಅಂಕ ಬಂದಿದೆ ಎಂಬ ಪಟ್ಟಿಯನ್ನೂ ಕೇಳಬಹುದು. ‘ಗೃಹ’ ಪತ್ರಕ್ಕೆ ಐದು ವರ್ಷಗಳ ಅವಧಿ ಇದೆ. ಅದು ಮುಗಿದಿದೆಯೇ ಎಂಬುದನ್ನೂ ನೋಡಬೇಕು. ಅದೇ ಸಂಸ್ಥೆ ಮೊದಲು ಕಟ್ಟಿದ ಸಮುಚ್ಚಯದ ಹನ್ನೆರಡು ತಿಂಗಳ ವಿದ್ಯುತ್ ಮತ್ತು ಟ್ಯಾಂಕರ್ ಬಿಲ್ಲುಗಳು ಅಲ್ಲಿನ ನಿವಾಸಿಗಳ ಸಂಘದಲ್ಲಿ ದೊರೆಯಬಹುದು. ಬಳಕೆಯಲ್ಲಿರುವ ಕಚೇರಿ ಕಟ್ಟಡಗಳಿಗಂತೂ ಬಿಇಇ 2009ರಿಂದ ಪ್ರತ್ಯೇಕ ನಕ್ಷತ್ರ ಪಟ್ಟಿ ನೀಡುತ್ತಿದೆ. ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್ ಖರ್ಚಾಯಿತು ಎಂಬುದೇ ಅದರ ಆಧಾರ.