ಉಮೇದು

ಪಾರಸಿಯಲ್ಲಿ ಆಸೆ, ನಿರೀಕ್ಷೆ ಎಂಬರ್ಥದಲ್ಲಿ ಹುಟ್ಟಿ, ಹಿಂದುಸ್ತಾನಿಯಲ್ಲಿ ಬಸುರಿಯನ್ನು ‘ಉಮೇದಿನಿಂದಿದ್ದಾಳೆ’ ಎನ್ನುವ ಸೊಗಸಾದ ವಾಡಿಕೆಗೂ ಒದಗಿದ ಈ ಶಬ್ದವು, ಕನ್ನಡದಲ್ಲಿ ನೆಲಸಿದ ಮೇಲೆ ನಾಳೆಯ ಗೊಡವೆಯನ್ನು ಬಿಟ್ಟು ಇಂದಿನ ಹುರುಪಾಗಿಬಿಟ್ಟಿತು. “ಯಾಕೋ ಇವತ್ತು ಉಮೇದೇ ಇಲ್ಲ” ಎನ್ನುವವನಿಗೆ ಆಸೆಗಳೇನೂ ಬತ್ತಿರುವುದಿಲ್ಲ, ಮೈಯೇಳದು, ಅಷ್ಟೆ. ಉತ್ಸಾಹಕ್ಕಾದರೋ ವೀರರಸದ ಸ್ಥಾಯಿಭಾವವೆಂದು ಭರತಮುನಿ ಇತ್ತ ಪೀಠವುಂಟು. ಉಮೇದಿಗೆ ಅಂಥ ಕುಲಗೌರವವಿಲ್ಲ. ಗಳೆ ಹೂಡುವುದಕ್ಕೂ ಇಸ್ಪೀಟಿಗೆ ಕೂರುವುದಕ್ಕೂ ಅದು ಒಂದೇ ಸಮನಾಗಿ ಒದಗತಕ್ಕದ್ದು.

ನಿರೀಕ್ಷೆಗೂ ಹುರುಪಿಗೂ ಇರುವ ಈ ನಂಟನ್ನು ಮನಶ್ಶಾಸ್ತ್ರಜ್ಞರು ಸುಲಭವಾಗಿ ಒಪ್ಪಲಿಲ್ಲ. ಪ್ರಾಣಿಯನ್ನು ಕ್ರಿಯೆಗೆ ಹಚ್ಚುವುದು ಹಸಿವು ನೀರಡಿಕೆಗಳ ಒತ್ತಡ, ದಾರಿ ತೋರುವುದು ಅಭ್ಯಾಸಬಲ ಎಂದು ಅಮೆರಿಕದ ಕ್ಲಾರ್ಕ್ ಹಲ್ 1943ರಲ್ಲಿ ಪ್ರತಿಪಾದಿಸಿದನು. ಆದರೆ ಅದಕ್ಕೆ ಮೊದಲೇ, 1928ರಲ್ಲಿ, ಮನಶ್ಶಾಸ್ತ್ರಜ್ಞ ಟೋಲ್ಮನ್ನನ ಶಿಷ್ಯನಾದ ಟಿಂಕಲ್‌ಪಾ ಎಂಬವನು, ಕೋತಿಯ ಕಣ್ಣೆದುರಿಗೇ ಬಟ್ಟಲಿನಡಿಯಲ್ಲಿ ಬಾಳೆಹಣ್ಣನ್ನಿರಿಸಿ, ಆಮೇಲೆ ಅದಕ್ಕೆ ಕಾಣದಂತೆ ಹಣ್ಣನ್ನು ತೆಗೆದು ಲೆಟ್ಯೂಸ್ ಸೊಪ್ಪನ್ನಿಟ್ಟಿದ್ದನು. ಬೇರೆ ವೇಳೆಯಲ್ಲಿ ಅದೇ ಸೊಪ್ಪನ್ನು ತಿನ್ನುತ್ತಿದ್ದ ಆ ಪ್ರಾಣಿ ಈಗ ಅದನ್ನು ಮುಟ್ಟಲೊಲ್ಲದೆ, ಸುತ್ತಲೂ ಹುಡುಕಾಡಿ, ನೋಡುತ್ತಿದ್ದವರ ಮೇಲೆಯೇ ಕಿರಿಚಿಕೊಂಡಿತಂತೆ. ಹಸಿವು ಮೊದಲಿನಂತೆಯೇ ಇದ್ದಿತು, ಸೊಪ್ಪು ಎದುರಿಗಿದ್ದಿತು; ಸಿಟ್ಟು ಮಾತ್ರ ಕಾಣದ ಹಣ್ಣಿನಿಂದ ಹುಟ್ಟಿತು!

1964ರಲ್ಲಿ ಮನಶ್ಶಾಸ್ತ್ರಜ್ಞ ವಿಕ್ಟರ್ ವ್ರೂಮ್ ನಿರೀಕ್ಷೆ ಹುರುಪುಗಳ ಈ ನಂಟನ್ನು ಗಣಿತಕ್ಕೇ ಇಳಿಸಿದನು: ಫಲಕ್ಕೆ ನಾವು ಕಟ್ಟುವ ಬೆಲೆಯನ್ನು, ಅದು ಕೈಗೂಡೀತೆಂಬ ನಂಬಿಕೆಯಿಂದ ಗುಣಿಸಿದರೆ ಬರುವುದೇ ಪ್ರೇರಣೆಯ ಬಲ, ಎರಡರಲ್ಲೊಂದು ಸೊನ್ನೆಯಾದರೆ ಬಲವೂ ಸೊನ್ನೆ.

ಈ ಗುಣಾಕಾರಕ್ಕೆ ಸಿಕ್ಕದವನೊಬ್ಬನಿದ್ದಾನೆ, ನಮ್ಮ ಉಮೇದುವಾರ. ಪಾರಸಿಯ ಹಳೆಯ ಆಸೆ ಕನ್ನಡದಲ್ಲಿ ಉಳಿದಿರುವುದು ಅವನ ಬಿರುದಿನಲ್ಲಿಯೇ. ಚಲಾವಣೆಯಾದ ಮತಗಳಲ್ಲಿ ಆರನೆಯ ಒಂದು ಪಾಲೂ ದೊರೆಯದೆ ಠೇವಣಿ ಕಳೆದುಕೊಂಡವನು, ಮುಂದಿನ ಚುನಾವಣೆಗೆ ಅದೇ ಹಾರತುರಾಯಿಗಳೊಡನೆ ಉಮೇದುವಾರಿಕೆ ಸಲ್ಲಿಸಲು ಹೊರಡುವಾಗ, ಅವನನ್ನು ನಡೆಸುತ್ತಿರುವುದು ಪಾರಸಿಯ ಉಮೇದಲ್ಲ, ಅಪ್ಪಟ ಕನ್ನಡದ್ದು ಎಂದು ನನಗೆ ತೋರುತ್ತದೆ. ಅವನು ಬಯಸಿದ ಫಲ ಗೆಲುವಲ್ಲ, ಪತ್ರಿಕೆಯಲ್ಲಿ ಹೆಸರು ಎಂದು ವ್ರೂಮನ ಅನುಯಾಯಿಗಳು ಹೇಳಿಯಾರು. ಇರಬಹುದು, ಆದರೆ ಲೆಕ್ಕ ತಪ್ಪಿದಾಗಲೆಲ್ಲ ಫಲವನ್ನೇ ಬದಲಿಸುವುದಾದರೆ, ಮತ ಎಣಿಸುವ ಮೊದಲೇ ಅವರು ಆ ಫಲ ಯಾವುದೆಂದು ಬರೆದಿಡತಕ್ಕದ್ದು.