ಓಪನ್‌ಎಸ್‌ಎಸ್‌ಎಚ್ 9.8

ದೂರದ ಗಣಕಕ್ಕೆ ಜಾಲದ ಮೂಲಕ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಮುಕ್ತ ತಂತ್ರಾಂಶದ ಆವೃತ್ತಿ. ಓಪನ್‌ಬಿಎಸ್‌ಡಿ ಯೋಜನೆ ಇದನ್ನು 2024ರ ಜುಲೈ 1ರಂದು ಬಿಡುಗಡೆ ಮಾಡಿತು.

ಇದು ಮುಚ್ಚಿದ ಮುಖ್ಯ ಲೋಪ ‘ರೆಗ್ರೆಶನ್’ ಎಂದು ಹೆಸರಾಯಿತು. ಪತ್ತೆ ಮಾಡಿದ್ದು ಕ್ವಾಲಿಸ್ ಸಂಸ್ಥೆ. ನಿಗದಿತ ಅವಧಿಯಲ್ಲಿ (ಸಾಮಾನ್ಯವಾಗಿ 120 ಸೆಕೆಂಡು) ಬಳಕೆದಾರ ತನ್ನ ಗುರುತು ಸಾಬೀತುಪಡಿಸದಿದ್ದರೆ ಸರ್ವರ್ ಸಂಪರ್ಕ ಕಡಿಯುತ್ತದೆ. ಆ ಗಳಿಗೆಯಲ್ಲಿ ಓಡುವ ಕೋಡ್ ಕರೆಯಬಾರದ ಕಾರ್ಯಗಳನ್ನು ಕರೆಯುತ್ತಿತ್ತು. ಇದರಿಂದ ಗ್ಲಿಬ್‌ಸಿ (ಮೂಲ ಸಿ ಲೈಬ್ರರಿ) ಆಧಾರಿತ ಲಿನಕ್ಸ್‌ನಲ್ಲಿ ದಾಳಿಕೋರನಿಗೆ ಪಾಸ್‌ವರ್ಡ್ ಇಲ್ಲದೆಯೇ ರೂಟ್ ಅಧಿಕಾರ ಸಿಗಬಹುದಿತ್ತು. 32 ಬಿಟ್ ಯಂತ್ರಗಳ ಮೇಲೆ ಪ್ರಯೋಗಾಲಯದಲ್ಲಿ ಇದಕ್ಕೆ ಸರಾಸರಿ 6ರಿಂದ 8 ಗಂಟೆ ಹಿಡಿಯಿತು. 2006ರಲ್ಲೇ ಸರಿಪಡಿಸಿದ್ದ ದೋಷವು 2020ರ ಒಂದು ಬದಲಾವಣೆಯಿಂದ ಮರಳಿ ನುಸುಳಿ, 8.5ರಿಂದ 9.7ರವರೆಗಿನ ಆವೃತ್ತಿಗಳಲ್ಲಿ ಉಳಿದಿತ್ತೆಂಬುದು ನಿಜಕ್ಕೂ ಕಳವಳಕಾರಿ. ಓಪನ್‌ಬಿಎಸ್‌ಡಿಗೆ ಇದು ತಟ್ಟಲಿಲ್ಲ.

ಈ ಆವೃತ್ತಿಯಲ್ಲಿ ಸರ್ವರನ್ನು ಎರಡು ಪ್ರತ್ಯೇಕ ಪ್ರೋಗ್ರಾಂಗಳಾಗಿ ಒಡೆದದ್ದು ಒಳ್ಳೆಯ ನಿರ್ಧಾರವೇ, ಆದರೆ ತೊಡಕುಗಳೂ ಅದರಿಂದಲೇ ಬಂದವು. ಹಲವು ಲಾಗ್ ಸಾಲುಗಳಲ್ಲಿ ‘ಎಸ್‌ಎಸ್‌ಎಚ್‌ಡಿ-ಸೆಶನ್’ ಎಂಬ ಹೊಸ ಹೆಸರು ಕಾಣಿಸಿ, ಹಳೆಯ ಹೆಸರನ್ನೇ ಹುಡುಕುವ ಕಾವಲು ಸಾಧನಗಳನ್ನು ತಿದ್ದಬೇಕಾಯಿತು. ಆರ್ಚ್ ಲಿನಕ್ಸ್‌ನಲ್ಲಿ ಅಪ್‌ಡೇಟ್ ಆದ ಮೇಲೆ ಸೇವೆಯನ್ನು ಮರುಪ್ರಾರಂಭಿಸದಿದ್ದರೆ ಹೊಸ ಲಾಗಿನ್ ಸಾಧ್ಯವಾಗುತ್ತಿರಲಿಲ್ಲ; ದೂರದಿಂದಲೇ ಯಂತ್ರ ನೋಡಿಕೊಳ್ಳುವವರಿಗೆ ಇದು ದೊಡ್ಡ ಅಪಾಯ.

ಲಾಗಿನ್ ಯತ್ನದಲ್ಲಿ ಪದೇಪದೇ ವಿಫಲವಾಗುವ ವಿಳಾಸಗಳನ್ನು ಕೆಲಕಾಲ ತಡೆಯುವ ಸೌಲಭ್ಯವೂ 9.8ರಲ್ಲೇ ಬಂತು. ಒಂದೇ ವಿಳಾಸದ ಹಿಂದೆ ಅನೇಕರಿರುವ ಕಚೇರಿ, ಕಾಲೇಜುಗಳಲ್ಲಿ ನಿರ್ದೋಷಿಗಳೂ ತಡೆಗೆ ಸಿಲುಕಬಹುದು. 9.8 ಪೂರ್ವನಿಯೋಜಿತವಾಗಿ ಕೈಬಿಟ್ಟ ಡಿಎಸ್‌ಎ ಎಂಬ ಹಳೆಯ ಬಗೆಯ ಕೀಲಿಗಳನ್ನು 2025ರ ಏಪ್ರಿಲ್‌ನ 10.0 ಆವೃತ್ತಿ ಪೂರ್ತಿ ತೆಗೆದುಹಾಕಿತು.